ಊರಿನ ಕ್ಲಬ್ಬು ಅಂತಾರಾಷ್ಟ್ರೀಯ ಕ್ರೀಡಾಕೂಟ ನಡೆಸುವುದಾದರೆ

ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಕಡೆಯವರಿಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ನಡೆಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಚಪ್ಪರ ಹಾಕುವವರು, ದೀಪ ಕಟ್ಟುವವರು, ನಡುರಾತ್ರಿ ಚಹಾ ಕಾಯಿಸುವವರು ಎಲ್ಲ ಊರಿನಲ್ಲೂ ಇದ್ದಾರೆ. ಆದರೆ ದುಬೈಯಲ್ಲೋ ದೋಹಾದಲ್ಲೋ ಇರುವ ಊರವರು “ನಾವೂ ಒಂದು ತಂಡ ಕಳುಹಿಸುತ್ತೇವೆ” ಎಂದ ಕೂಡಲೇ ಬ್ಯಾನರಿನ ಮೇಲೆ ‘ಅಂತಾರಾಷ್ಟ್ರೀಯ’ ಎಂದು ಅಚ್ಚಾಗುತ್ತದೆ. ಕಬಡ್ಡಿಯ ಜೊತೆಗೆ ವಾಲಿಬಾಲ್, ಹಗ್ಗಜಗ್ಗಾಟವೂ ಸೇರಿ ಅದು ಕ್ರೀಡಾಕೂಟವಾಗುತ್ತದೆ. ಅಲ್ಲಿಂದ ಮುಂದಿನ ಕೆಲಸದ ಬಗೆಯೇ ಬೇರೆ. ಮೂರು ದಿನ, ಮೂರು ಆಟ, ಹೊರದೇಶದಿಂದ ಬರುವ ಕೆಲವು ತಂಡಗಳು, ಇಷ್ಟನ್ನು ಅಂದಾಜಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಸಮಿತಿಗಳು ವೇದಿಕೆಗೆ ಕೊಡುವ ಗಮನದಲ್ಲಿ ಅರ್ಧವನ್ನು ವೇಳಾಪಟ್ಟಿಗೂ ಆಟಗಾರರ ಹಾಸಿಗೆಗೂ ಕೊಟ್ಟರೆ ಕೂಟ ತಾನಾಗಿ ನಡೆಯುತ್ತದೆ.

ಮೊದಲ ಹೆಜ್ಜೆ: ಆಟ ಕಡಿಮೆ ಮಾಡಿ, ಅಂಗಣ ಹತ್ತಿರ ಇಡಿ

2026ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ನಡೆಸಲು ಮೊದಲು ಒಪ್ಪಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. ಕೂಟವನ್ನು ಒಂದೇ ನಗರದಲ್ಲಿ ಇಡದೆ ಜೀಲಾಂಗ್, ಬೆಂಡಿಗೊ, ಬ್ಯಾಲರಾಟ್ ಮುಂತಾದ ಪ್ರಾದೇಶಿಕ ಊರುಗಳಿಗೆಲ್ಲ ಹಂಚುವುದು ಅವರ ಯೋಜನೆ. ಸುಮಾರು 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಎಂದಿದ್ದ ವೆಚ್ಚ 600 ಕೋಟಿ ದಾಟುತ್ತದೆ ಎಂದು ಗೊತ್ತಾದಾಗ, 2023ರ ಜುಲೈಯಲ್ಲಿ ಅವರು ಕೈಚೆಲ್ಲಿದರು. ಕೊನೆಗೆ ಹೊಣೆ ಹೊತ್ತ ಗ್ಲಾಸ್ಗೊ ಅದನ್ನು 10 ಆಟಗಳಿಗೆ, 4 ತಾಣಗಳಿಗೆ ಇಳಿಸಿತು. ಸರ್ಕಾರಗಳೇ ಹೀಗೆ ಲೆಕ್ಕ ತಪ್ಪುವಾಗ ನಮ್ಮ ಕ್ಲಬ್ಬುಗಳು “ಕಬಡ್ಡಿ ಇಲ್ಲಿ, ವಾಲಿಬಾಲ್ ಪಕ್ಕದ ಪಂಚಾಯತಿನಲ್ಲಿ, ಓಟ ಮಂಗಳೂರಿನಲ್ಲಿ” ಎಂದು ಹೊರಡಬಾರದು. ತಾಣ ಒಂದು ಹೆಚ್ಚಾದರೆ ಒಂದು ಆಂಬುಲೆನ್ಸ್, ಒಂದು ಜನರೇಟರ್, ಒಂದು ಅಡುಗೆಮನೆ ಹೆಚ್ಚಾಯಿತೆಂದೇ ಲೆಕ್ಕ.

ಎರಡು ಕಬಡ್ಡಿ ಅಂಕಣ, ಎರಡು ವಾಲಿಬಾಲ್ ಅಂಕಣ, ಹಗ್ಗಕ್ಕೊಂದು ನೇರ ಜಾಗ ಇರುವ ಶಾಲಾ ಮೈದಾನವನ್ನು ಹುಡುಕಿ. ಅಥ್ಲೆಟಿಕ್ಸ್ ಬೇಡವೇ ಬೇಡ. 400 ಮೀಟರ್ ಟ್ರ್ಯಾಕ್, ಫೋಟೊ ಫಿನಿಶ್, ಗಾಳಿಯ ವೇಗ ಅಳೆಯುವ ಉಪಕರಣ ಇಲ್ಲದೆ ಓಡಿಸಿದರೆ ಆ ಸಮಯಕ್ಕೆ ಎಲ್ಲೂ ಬೆಲೆಯಿಲ್ಲ.

ಎರಡನೆಯದು: ತಾರೀಕು

ಮಳೆಗಾಲವನ್ನು ಬಿಡಿ. ಏಪ್ರಿಲ್-ಮೇ ತಿಂಗಳಲ್ಲಿ ಶಾಲೆ ಖಾಲಿ ಇರುತ್ತದೆ, ಆದರೆ ಬಾವಿಯೂ ಖಾಲಿ ಇರುತ್ತದೆ. ಜನವರಿ ನಡುವಿನಲ್ಲಿ ಕುಂಬಳೆ ಬೆಡಿ, ಅಂದರೆ ಅಲ್ಲಿನ ದೇವಸ್ಥಾನದ ಜಾತ್ರೆಯ ಸುಡುಮದ್ದು. ಆ ದಿನಗಳಲ್ಲಿ ನಿಮ್ಮ ಸ್ವಯಂಸೇವಕರು ಯಾರೂ ನಿಮ್ಮವರಲ್ಲ. ರಂಜಾನ್ ಉಪವಾಸ ಈಚಿನ ವರ್ಷಗಳಲ್ಲಿ ಫೆಬ್ರುವರಿ-ಮಾರ್ಚಿಗೆ ಬರುತ್ತಿದೆ, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಆ ತಿಂಗಳಲ್ಲಿ ಕೂಟ ಇಟ್ಟರೆ ಕಾಸರಗೋಡಿನ ಅರ್ಧ ಆಟಗಾರರನ್ನು ಬಿಟ್ಟಂತೆ. ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬೇರೆ.

ಉಳಿಯುವುದು ಕ್ರಿಸ್‌ಮಸ್ ರಜೆಯ ಹತ್ತು ದಿನ. ಶಾಲಾ ಕೊಠಡಿಗಳು ಸಿಗುತ್ತವೆ, ಗಲ್ಫ್‌ನಲ್ಲಿಯೂ ಮಕ್ಕಳಿಗೆ ರಜೆ. ತೊಂದರೆ ಎರಡು. ಒಂದು, ಮಂಗಳೂರು ಮತ್ತು ಕಣ್ಣೂರಿನ ವಿಮಾನ ಟಿಕೆಟ್ ದರ ಆಗ ಗಗನಕ್ಕೇರುತ್ತದೆ, ಆದ್ದರಿಂದ ತಂಡಗಳಿಗೆ ಆಗಸ್ಟಿನಲ್ಲೇ ತಾರೀಕು ತಿಳಿಸಬೇಕು. ಇನ್ನೊಂದು, ಡಿಸೆಂಬರ್ 26-27ರ ಸುಮಾರಿಗೆ ಬರುವ ಮಂಡಲ ಪೂಜೆಯ ತನಕ ರೈಲುಗಳಲ್ಲಿ ಶಬರಿಮಲೆ ಯಾತ್ರಿಕರ ದಟ್ಟಣೆ, ನಮ್ಮ ಚಾಲಕರಲ್ಲಿ ಹಲವರು ಮಾಲೆ ಹಾಕಿರುತ್ತಾರೆ. ಡಿಸೆಂಬರ್ 28, 29, 30 ನನಗೆ ಸರಿಯೆನಿಸುವ ದಿನಗಳು.

ಮೂರನೆಯದು: ತಂಡದ ಹೆಸರು ಮತ್ತು ಅನುಮತಿ

ಇಲ್ಲಿ ಎಡವಿದರೆ ಊರಿನ ಮಾನದ ಜೊತೆಗೆ ಆಟಗಾರನ ಭವಿಷ್ಯವೂ ಹೋಗುತ್ತದೆ. 2025ರ ಡಿಸೆಂಬರಿನಲ್ಲಿ ಬಹ್ರೈನ್‌ನ ಖಾಸಗಿ ಕಬಡ್ಡಿ ಪಂದ್ಯಾಟವೊಂದರಲ್ಲಿ ಪಾಕಿಸ್ತಾನದ ಆಟಗಾರನೊಬ್ಬ ಭಾರತದ ಹೆಸರಿನ ತಂಡದ ಪರ ಆಡಿದ. ಸಂಘಟಕರಿಗೆ ಅದು ಮೋಜಿನ ಪಂದ್ಯಾಟ. ಅವನಿಗೆ ಸಿಕ್ಕಿದ್ದು ಅವನ ದೇಶದ ಫೆಡರೇಷನ್‌ನ ನಿಷೇಧ. ಆದ್ದರಿಂದ ಫೆಡರೇಷನ್‌ನ ಲಿಖಿತ ಒಪ್ಪಿಗೆ ಇಲ್ಲದ ಯಾವ ತಂಡವನ್ನೂ ‘ಶ್ರೀಲಂಕಾ’, ‘ಒಮಾನ್’ ಎಂದು ಕರೆಯಬೇಡಿ. ಕ್ಲಬ್ಬಿನ ಹೆಸರು, ಊರಿನ ಹೆಸರು ಸಾಕು. ಬ್ಯಾನರಿನಲ್ಲಿ ಸ್ವಲ್ಪ ಸಪ್ಪೆಯಾಗಿ ಕಾಣಬಹುದು, ಕಾಣಲಿ.

ಜಿಲ್ಲಾ ಸ್ಪೋರ್ಟ್ಸ್ ಕೌನ್ಸಿಲ್‌ಗೂ ಆಯಾ ಆಟದ ಜಿಲ್ಲಾ ಸಂಸ್ಥೆಗೂ ಆರು ತಿಂಗಳು ಮೊದಲೇ ಪತ್ರ ಬರೆಯಿರಿ. ತೀರ್ಪುಗಾರರು ಸಿಗುವುದೂ ಅವರ ಮೂಲಕವೇ. ಕಬಡ್ಡಿಗೆ ಒಬ್ಬ ರೆಫ್ರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್, ಹೀಗೆ ಆರು ಜನ ಬೇಕು. ಎರಡು ಅಂಕಣ, ಎರಡು ಪಾಳಿ ಎಂದರೆ 24. ನಮ್ಮಲ್ಲಿ ಸಾಮಾನ್ಯವಾಗಿ ಎಂಟು ಜನರನ್ನು ಕರೆಸಿ ಬೆಳಗಿನ ಜಾವದ ತನಕ ನಿಲ್ಲಿಸುತ್ತೇವೆ. ಫೈನಲಿನಲ್ಲಿ ತೀರ್ಪು ತಪ್ಪಿತೆಂದು ಕೂಗಾಡುತ್ತೇವೆ.

ಪೊಲೀಸ್ ಅನುಮತಿ, ಪಂಚಾಯತ್ ಅನುಮತಿ, ಕೆಎಸ್‌ಇಬಿಯ ತಾತ್ಕಾಲಿಕ ವಿದ್ಯುತ್ ಸಂಪರ್ಕ ನಿಮಗೆ ಗೊತ್ತಿರುವ ವಿಷಯಗಳೇ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಬಳಸುವಂತಿಲ್ಲ ಎಂಬುದನ್ನು ಮಾತ್ರ ಈ ಸಲ ನಿಜವಾಗಿ ಪಾಲಿಸಿ.

ನಾಲ್ಕನೆಯದು: ಪಾಸ್‌ಪೋರ್ಟ್ ಮತ್ತು ಹಣ

ಬರುವವರ ಪಟ್ಟಿ ಕೈಸೇರಿದ ಕೂಡಲೇ ಅದನ್ನು ಪಾಸ್‌ಪೋರ್ಟಿನ ಪ್ರಕಾರ ಮೂರು ಪಾಲು ಮಾಡಿ: ಭಾರತೀಯರು, ನೇಪಾಳದವರು, ಉಳಿದವರು. ಗಲ್ಫ್‌ನಿಂದ ಬರುವ ತಂಡಗಳಲ್ಲಿ ಹೆಚ್ಚಿನವರು ಮೊದಲ ಪಾಲಿನವರು, ಊರಿಗೆ ರಜೆಯಲ್ಲಿ ಬಂದಂತೆ ಬರುತ್ತಾರೆ. ನೇಪಾಳದವರಿಗೂ ವೀಸಾ ಬೇಡ. ಮೂರನೆಯ ಪಾಲಿಗೆ ಯಾವ ಬಗೆಯ ವೀಸಾ ಬೇಕೆಂದು ಅವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಲಿ. ನಿಮ್ಮ ಆಮಂತ್ರಣ ಪತ್ರದಲ್ಲಿ ತಾರೀಕು, ಆಟ, ಉಳಿಯುವ ವಿಳಾಸ, ಖರ್ಚು ಯಾರದು ಎಂಬುದು ಸ್ಪಷ್ಟವಾಗಿರಲಿ. “ಪ್ರವಾಸಿ ವೀಸಾದಲ್ಲಿ ಬಂದುಬಿಡಿ, ನೋಡಿಕೊಳ್ಳೋಣ” ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆಯುವ ಉತ್ಸಾಹಿ ಪ್ರತಿ ಸಮಿತಿಯಲ್ಲೂ ಒಬ್ಬ ಇರುತ್ತಾನೆ. ಅವನಿಗೆ ಬೇರೆ ಕೆಲಸ ಕೊಡಿ.

ವಿದೇಶಿ ಪ್ರಜೆ ಉಳಿಯುವ ಜಾಗ ಹೋಟೆಲೇ ಆಗಲಿ, ಹೋಮ್‌ಸ್ಟೇ ಆಗಲಿ, ಸಂಸ್ಥೆಯ ಅತಿಥಿಗೃಹವೇ ಆಗಲಿ, ಬಂದ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನ್ ಮೂಲಕ ಸಲ್ಲಿಸಬೇಕು. ರೂಢಿಯಲ್ಲಿ ಇದನ್ನು ‘ಸಿ ಫಾರ್ಮ್’ ಎನ್ನುತ್ತಾರೆ. ಮೂರನೆಯ ಪಾಲಿನವರನ್ನು ಇದನ್ನು ಮಾಡಿ ರೂಢಿಯಿರುವ ಹೋಟೆಲಿನಲ್ಲೇ ಇರಿಸುವುದು ಜಾಣತನ.

ಹಣದ ವಿಷಯ ಇನ್ನೂ ಸೂಕ್ಷ್ಮ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯೊಬ್ಬರು ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳುಹಿಸಿದ ದೇಣಿಗೆ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅದೇ ಊರಿನವರು ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಹಿಡಿದಿದ್ದರೆ, ಅಥವಾ ದುಬೈಯ ಕಂಪನಿಯೊಂದು ತನ್ನ ಖಾತೆಯಿಂದ ಕಳುಹಿಸಿದರೆ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾನೂನಿನ ಕೆಳಗೆ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಕ್ಲಬ್ಬಿನ ಖಾತೆಗೆ ಹಾಕಿಕೊಳ್ಳುವಂತಿಲ್ಲ. ಕೋಶಾಧಿಕಾರಿ ಪ್ರತಿ ದಾನಿಯ ಪಾಸ್‌ಪೋರ್ಟ್ ಪ್ರತಿಯನ್ನು ಇಟ್ಟುಕೊಳ್ಳಲಿ, ಮುಜುಗರ ಪಡಬೇಕಾದ್ದಿಲ್ಲ. ವಿದೇಶಿ ಪ್ರಜೆಯಾದ ಆಟಗಾರನಿಗೆ ನಗದು ಬಹುಮಾನ ಕೊಡುವುದಾದರೆ ಶೇಕಡಾ 20ರಷ್ಟು ತೆರಿಗೆಯನ್ನೂ ಅದರ ಮೇಲಿನ ಸೆಸ್ಸನ್ನೂ ಮೊದಲೇ ಕಡಿದು ಕಟ್ಟಬೇಕಾಗುತ್ತದೆ. ಟ್ರೋಫಿ ಕೊಟ್ಟರೆ ತಲೆನೋವು ಕಡಿಮೆ.

ಐದನೆಯದು: ವೇಳಾಪಟ್ಟಿ

ಕೂಟದ ಜೀವಾಳ ಇದು, ಹೀಗಾಗಿ ಇಲ್ಲಿ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಪುರುಷರ ಕಬಡ್ಡಿಗೆ 8 ತಂಡ, ನಾಲ್ಕು ನಾಲ್ಕರ ಎರಡು ಗುಂಪು. ಲೀಗ್ ಹಂತದಲ್ಲಿ 12 ಪಂದ್ಯ, ಎರಡು ಸೆಮಿಫೈನಲ್, ಮೂರನೆಯ ಸ್ಥಾನಕ್ಕೊಂದು, ಫೈನಲ್ ಒಂದು, ಒಟ್ಟು 16. ಮಹಿಳೆಯರಿಗೆ 6 ತಂಡ, ಮೂರು ಮೂರರ ಗುಂಪು: 6 ಲೀಗ್ ಪಂದ್ಯ ಸೇರಿ ಒಟ್ಟು 10. ಎರಡೂ ಸೇರಿ 26 ಪಂದ್ಯಗಳಾದವು. ಪುರುಷರ ಪಂದ್ಯಕ್ಕೆ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ ಎಂದರೆ 45 ನಿಮಿಷ. ಟೈಮ್‌ಔಟ್, ಗಾಯ, ಅಂಕಣ ಒರೆಸುವುದು, ಮುಂದಿನ ತಂಡದ ಮೈ ಬಿಸಿ ಮಾಡಿಕೊಳ್ಳುವಿಕೆ ಸೇರಿಸಿದರೆ ಪಂದ್ಯಕ್ಕೊಂದು ಗಂಟೆ.

ಬೆಳಿಗ್ಗೆ 7ರಿಂದ 11, ಸಂಜೆ 4ರಿಂದ 10. ನಡುಮಧ್ಯಾಹ್ನ ನಮ್ಮ ಕರಾವಳಿಯ ಬಿಸಿಲು-ಬೆವರಿನಲ್ಲಿ ಆಡಿಸುವುದು ಸಲ್ಲದು. ದಿನಕ್ಕೆ 10 ಗಂಟೆ ಸಿಕ್ಕಿತು. ಒಂದೇ ಅಂಕಣದಲ್ಲಿ ಮೂರು ದಿನಕ್ಕೆ 30 ಪಂದ್ಯ ಹಿಡಿಯುತ್ತದಲ್ಲ, 26 ಸುಲಭ ಎಂದು ತೋರುತ್ತದೆ. ತೋರುತ್ತದೆ ಅಷ್ಟೇ. ಉದ್ಘಾಟನೆ ಒಂದು ಗಂಟೆ ನುಂಗಿತು, ಸಮಾರೋಪ ಒಂದು ಗಂಟೆ, ವಿದ್ಯುತ್ ಹೋಗಿ ಅರ್ಧ ಗಂಟೆ, ಇಬ್ಬನಿಯಿಂದ ಇನ್ನರ್ಧ. ಮೇಲಾಗಿ ಒಂದು ತಂಡ ದಿನಕ್ಕೆ ಎರಡಕ್ಕಿಂತ ಹೆಚ್ಚು ಪಂದ್ಯ ಆಡಬಾರದು, ಎರಡರ ನಡುವೆ ಮೂರು ಗಂಟೆಯಾದರೂ ಬಿಡುವು ಇರಬೇಕು ಎಂದು ನಿಯಮ ಹಾಕಿಕೊಂಡರೆ ಒಂದು ಅಂಕಣ ಸಾಕಾಗುವುದೇ ಇಲ್ಲ. ಎರಡು ಅಂಕಣ ಇಟ್ಟುಕೊಂಡು, ಪ್ರತಿ ದಿನದ ಕೊನೆಗೆ ಒಂದು ಗಂಟೆ ಖಾಲಿ ಬಿಡಿ. ಆ ಖಾಲಿ ಗಂಟೆಗೆ “ಒಂದು ಪ್ರದರ್ಶನ ಪಂದ್ಯ ಹಾಕೋಣ” ಎನ್ನುವವರಿಗೆ ಜಗ್ಗಬೇಡಿ.

ಬಹುಕ್ರೀಡೆಗಳ ಕೂಟದ ನಿಜವಾದ ತೊಡಕು ಒಬ್ಬನೇ ಎರಡು ಆಟಕ್ಕೆ ಇಳಿಯುವುದು. ನಮ್ಮಲ್ಲಿ ಕಬಡ್ಡಿಯ ಗಟ್ಟಿ ಹುಡುಗರೇ ಹಗ್ಗಕ್ಕೂ ನಿಲ್ಲುತ್ತಾರೆ. ಹಗ್ಗ ಎಳೆದ ಕೈ, ತೊಡೆ ಮರುದಿನ ಕಬಡ್ಡಿಗೆ ಬರುವುದಿಲ್ಲ. ಹಗ್ಗ ಮುಗಿಯುವ ತನಕ ಕಬಡ್ಡಿ ಅಂಕಣ ಅವನಿಗಾಗಿ ಕಾಯುವುದೂ ಆಗದು. ಪ್ರವೇಶ ಪತ್ರದಲ್ಲೇ “ಕಬಡ್ಡಿ ಅಥವಾ ಹಗ್ಗಜಗ್ಗಾಟ, ಎರಡರಲ್ಲಿ ಒಂದು” ಎಂದು ಅಚ್ಚು ಹಾಕಿ. ಆಕ್ಷೇಪ ಬರುತ್ತದೆ. ಬದಲಾಯಿಸಬೇಡಿ.

ಪಟ್ಟಿ ಒಬ್ಬನ ಕೈಯಲ್ಲಿರಲಿ. ಅಧ್ಯಕ್ಷರು, ಗೌರವಾಧ್ಯಕ್ಷರು, ಹತ್ತು ಮಂದಿ ಉಪಾಧ್ಯಕ್ಷರು ಎಲ್ಲರೂ ಇರಲಿ, ಆದರೆ ಪಂದ್ಯದ ಹೊತ್ತು ಬದಲಿಸುವ ಅಧಿಕಾರ ಅವನೊಬ್ಬನಿಗೆ ಮಾತ್ರ. ಅವನು ವೇದಿಕೆ ಹತ್ತಬಾರದು, ಶಾಲು ಹೊದಿಸಿಕೊಳ್ಳಲಿಕ್ಕೂ.

ಆರನೆಯದು: ಅಂಗಣ

ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದು 12 ಮತ್ತು 8. ಒಂದೇ ಮ್ಯಾಟಿನ ಮೇಲೆ ಎರಡನ್ನೂ ಗುರುತಿಸುವುದಾದರೆ ಎರಡು ಬಣ್ಣದ ಟೇಪ್ ಬಳಸಿ. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ, ಸುತ್ತ ಕನಿಷ್ಠ 3 ಮೀಟರ್ ಖಾಲಿ. ಬಲೆಯ ಎತ್ತರ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24. ಕೈ ಚಾಚಿ ಅಂದಾಜು ಮಾಡದೆ ಅಳತೆ ಕೋಲಿನಿಂದ, ನಡುವಿನಲ್ಲಿ ಅಳೆಯಿರಿ.

ಮ್ಯಾಟ್ ಎಂದರೆ ಒಂದಕ್ಕೊಂದು ಹಲ್ಲು ಕಚ್ಚಿ ಕೂರುವ ಫೋಮ್ ತುಂಡುಗಳು. ನಮ್ಮ ಶಾಲಾ ಮೈದಾನಗಳದ್ದು ಮುರಕಲ್ಲಿನ ನೆಲ. ಅದರ ಮೇಲೆ ನೇರವಾಗಿ ಹಾಸಿದರೆ ಒಂದೊಂದು ಹರಳೂ ಕೆಳಗಿನಿಂದ ತಲೆ ಎತ್ತುತ್ತದೆ, ಹತ್ತು ರೈಡ್ ಆಗುವಷ್ಟರಲ್ಲಿ ಜೋಡಣೆ ಬಿಟ್ಟು ತುಂಡಿನ ಮೂಲೆ ಎದ್ದು ನಿಲ್ಲುತ್ತದೆ. ಬೋನಸ್ ಗೆರೆಗೆ ಕಾಲು ಚಾಚಿದವನ ಹೆಬ್ಬೆರಳು ಸಿಕ್ಕಿಕೊಳ್ಳುವುದು ಆ ಮೂಲೆಗೇ. ಮೊದಲು ನೆಲ ಗುಡಿಸಿ, ತೆಳುವಾಗಿ ಮರಳು ಹರಡಿ, ಟಾರ್ಪಾಲು ಹಾಸಿ, ಅದರ ಮೇಲೆ ಮ್ಯಾಟ್ ಜೋಡಿಸಿ. ಹೊರ ಅಂಚನ್ನು ಅಗಲ ಟೇಪಿನಿಂದ ಟಾರ್ಪಾಲಿಗೆ ಬಿಗಿಯಿರಿ. ಪ್ರತಿ ವಿರಾಮದಲ್ಲಿ ಒಬ್ಬ ಹುಡುಗ ಮಂಡಿಯೂರಿ ಜೋಡಣೆಗಳ ಮೇಲೆ ಅಂಗೈ ಸವರಿಕೊಂಡು ಹೋಗಲಿ. ಕಣ್ಣಿಗೆ ಕಾಣದ ಏರುಪೇರು ಕೈಗೆ ತಿಳಿಯುತ್ತದೆ.

ಡಿಸೆಂಬರಿನಲ್ಲಿ ರಾತ್ರಿ ಎಂಟೂವರೆ-ಒಂಬತ್ತರ ನಂತರ ಇಬ್ಬನಿ ಇಳಿಯುತ್ತದೆ. ಮಣ್ಣಿನ ಅಂಕಣಕ್ಕೆ ಅದರಿಂದ ತೊಂದರೆಯಿಲ್ಲ, ಮ್ಯಾಟಿಗೆ ಅದು ಎಣ್ಣೆ ಸವರಿದ ಹಾಗೆ. ಮೇಲೆ ಶೀಟಿನ ಚಾವಣಿ ಇದ್ದರೆ ಅರ್ಧ ಸಮಸ್ಯೆ ತೀರಿತು. ಇಲ್ಲದಿದ್ದರೆ ಒಣ ಹತ್ತಿ ಬಟ್ಟೆಗಳನ್ನು ರಾಶಿ ಹಾಕಿಕೊಂಡು, ವಿರಾಮದಲ್ಲಿ ಮ್ಯಾಟನ್ನು ಟಾರ್ಪಾಲಿನಿಂದ ಮುಚ್ಚಿ. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ನಮ್ಮ ತಂಡಗಳಿಗೆ “ಮ್ಯಾಟ್ ಇದೆ, ಶೂ ತನ್ನಿ” ಎಂದು ತಿಂಗಳು ಮೊದಲೇ ಹೇಳಿ.

ಹಗ್ಗದ ಸುತ್ತಳತೆ 10ರಿಂದ 12.5 ಸೆಂಟಿಮೀಟರ್, ಉದ್ದ 33.5 ಮೀಟರಿಗೆ ಕಡಿಮೆಯಿಲ್ಲದಂತೆ ಇರಬೇಕು. ತಂಡಕ್ಕೆ 8 ಜನ. 1900ರಿಂದ 1920ರ ತನಕ ಒಲಿಂಪಿಕ್ಸ್‌ನಲ್ಲೂ ಇದ್ದ ಆಟ ಇದು. ಕೊನೆಯ ದಿನ ಪ್ರೇಕ್ಷಕರಿಗೆಂದು ನೂರಾರು ಜನ ಒಟ್ಟಿಗೆ ಎಳೆಯುವ ಮೋಜು ಮಾತ್ರ ಬೇಡ. 1997ರಲ್ಲಿ ತೈಪೆಯಲ್ಲಿ 1,600ಕ್ಕೂ ಹೆಚ್ಚು ಜನ ಎಳೆದ ಹಗ್ಗ ತುಂಡಾಗಿ ಇಬ್ಬರ ತೋಳು ಕಿತ್ತುಹೋಗಿತ್ತು.

ಏಳನೆಯದು: ಹಾಸಿಗೆ, ಊಟ, ನೀರು, ವಾಹನ

ಆಟಗಾರರ ಗ್ರಾಮ ಕಟ್ಟಿಸುವುದು ನಮಗೆ ಆಗದು ಎಂದು ಸಂಕೋಚ ಬೇಡ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಸಿದ ಬರ್ಮಿಂಗ್‌ಹ್ಯಾಮ್‌ನವರೂ ಹೊಸ ಗ್ರಾಮದ ಯೋಜನೆ ಬಿಟ್ಟು ವಿಶ್ವವಿದ್ಯಾಲಯದ ವಸತಿನಿಲಯಗಳಲ್ಲಿ ಆಟಗಾರರನ್ನು ಇರಿಸಿದ್ದರು. ನಮ್ಮ ಜಿಲ್ಲೆಗೂ ದೊಡ್ಡ ಕೂಟದ ಅನುಭವ ಇದೆ: 2019ರಲ್ಲಿ 60ನೆಯ ಕೇರಳ ಶಾಲಾ ಕಲೋತ್ಸವ ನಡೆದದ್ದು ಹೊಸದುರ್ಗದಲ್ಲಿ, ಅಂದರೆ ಕಾಞಂಗಾಡಿನಲ್ಲಿ. ದೊಡ್ಡ ಲಾಡ್ಜುಗಳಿಲ್ಲದ ಪೇಟೆ ಅಷ್ಟು ಜನರನ್ನು ಹಿಡಿಸಿಕೊಂಡಿತು. ತರಗತಿ ಕೊಠಡಿಗೆ ಹತ್ತು ಹಾಸಿಗೆ, ಸೊಳ್ಳೆಪರದೆ, ಫೋನ್ ಚಾರ್ಜ್ ಮಾಡಲು ಸಾಕಷ್ಟು ಪ್ಲಗ್. ಮಹಿಳಾ ತಂಡಗಳನ್ನು ಶೌಚಾಲಯ ಹೊಂದಿಕೊಂಡಿರುವ ಬೇರೆ ಕಟ್ಟಡದಲ್ಲಿ ಇರಿಸಿ, ರಾತ್ರಿ ಕಾವಲಿಗೆ ಮಹಿಳಾ ಸ್ವಯಂಸೇವಕರು ಇರಲಿ.

ಅಡುಗೆಯವರಿಗೆ ಆರೋಗ್ಯ ಕಾರ್ಡ್ ಇದೆಯೇ ನೋಡಿ. ಬಾವಿ ನೀರನ್ನು ಆರೋಗ್ಯ ಇಲಾಖೆಯವರಿಂದ ಪರೀಕ್ಷೆ ಮಾಡಿಸಿ. ಕೇರಳದಲ್ಲಿ ಕಾಮಾಲೆ ಹರಡುವುದು ಹೆಚ್ಚಾಗಿ ನೀರಿನಿಂದಲೇ. ಕುದಿಸಿದ ನೀರಿಗೆ ತಣ್ಣೀರು ಬೆರೆಸುವ ಅಭ್ಯಾಸವನ್ನು ಅಡುಗೆಮನೆಯಲ್ಲಿ ನಿಂತು ತಪ್ಪಿಸಬೇಕು. ಸಸ್ಯಾಹಾರಕ್ಕೆ ಬೇರೆ ಸಾಲು, ಮಾಂಸ ಹಲಾಲ್ ಆಗಿರಲಿ, ಪಂದ್ಯದ ಮುಂಚಿನ ಹೊತ್ತಿಗೆ ಬಾಳೆಹಣ್ಣು, ಮೊಟ್ಟೆ, ಅನ್ನ ಸಿಗಲಿ. ಅಡಿಕೆ ಹಾಳೆಯ ತಟ್ಟೆಯಲ್ಲಿ ಬಡಿಸಿ, ಕಸದ ಬಗ್ಗೆ ಪಂಚಾಯತಿನ ಕಸ ಸಂಗ್ರಹಿಸುವ ಹಸಿರು ಕ್ರಿಯಾ ಸೇನೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ಹೆಚ್ಚಿನವರು ಇಳಿಯುವುದು ಮಂಗಳೂರು ವಿಮಾನ ನಿಲ್ದಾಣದಲ್ಲಿ, ಅಂದರೆ ಇನ್ನೊಂದು ರಾಜ್ಯದಲ್ಲಿ. ಎರಡೂ ರಾಜ್ಯಗಳಲ್ಲಿ ಓಡಲು ಪರ್ಮಿಟ್ ಇರುವ ವಾಹನವನ್ನೇ ಗೊತ್ತುಮಾಡಿ. ಪರಿಚಯದವರ ಖಾಸಗಿ ಕಾರುಗಳನ್ನು ಬಾಡಿಗೆಗೆ ಓಡಿಸಬೇಡಿ. ಹೊಸ ಆರು ಪಥದ ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆಗೆ ಇಳಿಯುವ ಜಾಗ ತಪ್ಪಿದರೆ ಮುಂದಿನದು ಸಿಗುವ ತನಕ ಓಡಿಸುತ್ತಲೇ ಇರಬೇಕು. ಚಾಲಕರನ್ನು ಹಗಲಿನಲ್ಲಿ ಒಮ್ಮೆ ಆ ದಾರಿಯಲ್ಲಿ ಕಳುಹಿಸಿ.

ಎಂಟನೆಯದು: ಮೈಕು, ಧ್ವಜ, ಭಾಷಣ

ಸಪ್ತಭಾಷೆಗಳ ನಾಡು ಎನ್ನುವ ನಮ್ಮ ಹೆಮ್ಮೆ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಕನ್ನಡ, ಮಲಯಾಳ, ತುಳು, ಬ್ಯಾರಿ, ಉರ್ದು ಬಲ್ಲ ಒಬ್ಬ ಹುಡುಗಿ, ಗಲ್ಫ್‌ನಲ್ಲಿ ದುಡಿದು ಬಂದು ಅರಬಿ, ಹಿಂದಿ ಮಾತಾಡುವ ಒಬ್ಬ ಹಿರಿಯರು, ಇಂಥವರು ಪ್ರತಿ ಬೀದಿಯಲ್ಲೂ ಇದ್ದಾರೆ. ಒಂದೊಂದು ತಂಡಕ್ಕೆ ಒಬ್ಬರನ್ನು ಜೊತೆಗಾರರಾಗಿ ಕೊಡಿ. ಮೈಕಿನಲ್ಲಿ ಹೆಸರು ಕರೆಯುವವರು ತಂಡದ ನಾಯಕರನ್ನು ಕೂರಿಸಿಕೊಂಡು ಪ್ರತಿ ಹೆಸರಿನ ಉಚ್ಚಾರ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದಕ್ಷಿಣ ಕೊರಿಯಾವನ್ನು ಉತ್ತರ ಕೊರಿಯಾ ಎಂದು ಕರೆದು ಕ್ಷಮೆ ಕೇಳಬೇಕಾಯಿತು.

ಧ್ವಜದ ವಿಷಯದಲ್ಲಿ ಇನ್ನೂ ಎಚ್ಚರ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಮಹಿಳಾ ಫುಟ್‌ಬಾಲ್ ತಂಡದ ಆಟಗಾರ್ತಿಯರ ಪಕ್ಕದಲ್ಲಿ ದಕ್ಷಿಣದ ಧ್ವಜ ತೋರಿಸಿದ್ದಕ್ಕೆ ಪಂದ್ಯವೇ ಸುಮಾರು ಒಂದು ಗಂಟೆ ತಡವಾಯಿತು. ಆ ದೇಶದ ಪ್ರಜೆಗಳೇ ಆಡುವ ತಂಡ ಇದ್ದರೆ ಮಾತ್ರ ಆ ಧ್ವಜ ಹಾರಿಸಿ. ಭಾರತದ ಧ್ವಜ ಸಂಹಿತೆಯ ಪ್ರಕಾರ ಸಾಲಿನಲ್ಲಿ ತ್ರಿವರ್ಣ ಬಲತುದಿಯಲ್ಲಿ, ಅಂದರೆ ಎದುರು ಕೂತವರ ಎಡತುದಿಯಲ್ಲಿ ಇರಬೇಕು. ಉಳಿದವು ದೇಶದ ಇಂಗ್ಲಿಷ್ ಹೆಸರಿನ ಅಕ್ಷರಕ್ರಮದಲ್ಲಿ, ಒಂದೇ ಅಳತೆಯವು, ಪ್ರತಿಯೊಂದಕ್ಕೂ ಬೇರೆ ಕಂಬ. ಪಥಸಂಚಲನಕ್ಕೆ ಈ ಕಟ್ಟುಪಾಡಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಪಾನಿ ಅಕ್ಷರಕ್ರಮದಲ್ಲಿ ದೇಶಗಳು ನಡೆದವು. ನಮ್ಮಲ್ಲಿ ಕನ್ನಡ ಅಕ್ಷರಮಾಲೆಯಂತೆ ನಡೆಯಲಿ: ಒಮಾನ್‌ನಿಂದ ಬಂದವರು ಮುಂದೆ, ಶ್ರೀಲಂಕಾದವರು ಹಿಂದೆ, ಆತಿಥೇಯರು ಕೊನೆಗೆ.

ಉದ್ಘಾಟನೆಗೆ ಒಂದು ಗಂಟೆ. ಭಾಷಣ ಇಬ್ಬರದು. ಉಳಿದ ಗಣ್ಯರನ್ನು ಪಂದ್ಯಗಳ ನಡುವೆ ತಂಡಗಳ ಪರಿಚಯಕ್ಕೆ ಅಂಕಣಕ್ಕೆ ಕರೆಯಿರಿ. ಅವರಿಗೆ ಫೋಟೊ ಸಿಗುತ್ತದೆ, ಆಟಗಾರರಿಗೆ ಬಿಸಿಲಿನಲ್ಲಿ ನಿಲ್ಲುವ ಶಿಕ್ಷೆ ತಪ್ಪುತ್ತದೆ.

ಒಂಬತ್ತನೆಯದು: ಸುರಕ್ಷತೆ

2022ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ಸೆವೆನ್ಸ್ ಫುಟ್‌ಬಾಲ್ (ತಂಡಕ್ಕೆ ಏಳು ಜನರ ಆಟ) ವೇಳೆ ತಾತ್ಕಾಲಿಕ ಗ್ಯಾಲರಿ ಕುಸಿದು ಬಹಳ ಮಂದಿ ಗಾಯಗೊಂಡರು. ಅಡಿಕೆ ಮರದ ಕಂಬ, ಬಿದಿರು ಕಟ್ಟಿ ಎತ್ತರದ ಗ್ಯಾಲರಿ ಮಾಡುವುದಾದರೆ ಎಂಜಿನಿಯರರ ಪ್ರಮಾಣಪತ್ರ ಪಡೆಯಿರಿ. ಸಿಗದಿದ್ದರೆ ನೆಲದ ಮೇಲೆ ಕುರ್ಚಿ ಹಾಕಿ. ಸುಡುಮದ್ದು ಬೇಡ. 2024ರ ಅಕ್ಟೋಬರ್ ಕೊನೆಯಲ್ಲಿ ನೀಲೇಶ್ವರದ ಹತ್ತಿರ ಜನ ಸೇರಿದ್ದ ಕಡೆ ಪಟಾಕಿ ದಾಸ್ತಾನಿಗೆ ಕಿಡಿ ತಗುಲಿ ನೂರೈವತ್ತರಷ್ಟು ಜನ ಗಾಯಗೊಂಡದ್ದು, ಕೆಲವರು ಸತ್ತದ್ದು ನಮ್ಮ ಜಿಲ್ಲೆಯಲ್ಲೇ.

ಆಂಬುಲೆನ್ಸ್ ಮೈದಾನದೊಳಗೆ, ಹೊರಡುವ ದಿಕ್ಕಿಗೆ ಮುಖ ಮಾಡಿ ನಿಂತಿರಲಿ, ಅದರ ಹಿಂದೆ ಯಾರೂ ಬೈಕ್ ನಿಲ್ಲಿಸದಂತೆ ಹಗ್ಗ ಕಟ್ಟಿ. ತಲೆ, ಕುತ್ತಿಗೆಗೆ ಪೆಟ್ಟಾದರೆ ಎತ್ತಿಕೊಂಡು ಓಡಬಾರದು, ಸ್ಟ್ರೆಚರ್ ಬರುವ ತನಕ ಅಲುಗಿಸಬಾರದು ಎಂಬುದನ್ನು ಸ್ವಯಂಸೇವಕರಿಗೆ ಕಲಿಸಿ. ಮಂಗಳೂರಿಗೆ ಕಳುಹಿಸಬೇಕಾಗಿ ಬಂದರೆ ಯಾವ ಆಸ್ಪತ್ರೆ, ಯಾರು ಜೊತೆಗೆ, ಮುಂಗಡ ಯಾರು ಕಟ್ಟುವುದು ಎಂಬುದು ಕಾಗದದಲ್ಲಿರಲಿ. ಅಪಘಾತ ವಿಮೆಯನ್ನು ವಿದೇಶಿಯರಿಗೂ ಅನ್ವಯಿಸುವಂತೆ ಮಾಡಿಸಿ.

ಕೊನೆಯದು: ಫಲಿತಾಂಶ ಮತ್ತು ದೂರು

ಪ್ರತಿ ಪಂದ್ಯ ಮುಗಿದ ಹತ್ತು ನಿಮಿಷದೊಳಗೆ ಎರಡೂ ನಾಯಕರ ಸಹಿ ಇರುವ ಸ್ಕೋರ್ ಹಾಳೆಯ ಫೋಟೊ ತಂಡಗಳ ಗುಂಪಿಗೆ ಹೋಗಬೇಕು. ತಕರಾರು ಇದ್ದರೆ ಅರ್ಧ ಗಂಟೆಯೊಳಗೆ, ಬರಹದಲ್ಲಿ, ಶುಲ್ಕದೊಂದಿಗೆ ಕೊಡಲಿ. ದೂರು ಸರಿಯಿದ್ದರೆ ಶುಲ್ಕ ವಾಪಸ್. ಕೇಳುವ ಮೂವರಲ್ಲಿ ಆತಿಥೇಯ ಕ್ಲಬ್ಬಿನವರು ಯಾರೂ ಇರಬಾರದು. ಅಂಕ ಸಮವಾದರೆ ಗುಂಪಿನಿಂದ ಮುಂದೆ ಹೋಗುವವರು ಯಾರು ಎಂಬ ನಿಯಮವನ್ನು ಮೊದಲ ಪಂದ್ಯಕ್ಕೆ ಮುಂಚೆಯೇ ಹಂಚಿರಬೇಕು. ಮೂರು ತಂಡ ಸಮವಾಗಿ ನಿಂತ ರಾತ್ರಿ ನಿಯಮ ಬರೆಯಲು ಕೂತರೆ ಯಾರೂ ನಂಬುವುದಿಲ್ಲ.

ಪ್ರಮಾಣಪತ್ರಗಳಿಗೆ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನೇ ಬಳಸಿ, ತಂಡಗಳು ಹೊರಡುವ ಮುನ್ನ ಕೈಗೆ ಕೊಡಿ. ಅಂಚೆಯಲ್ಲಿ ಕಳುಹಿಸುತ್ತೇವೆ ಎಂದದ್ದು ಹೋಗುವುದಿಲ್ಲ. ಶಾಲೆಯ ಕೊಠಡಿ, ಶೌಚಾಲಯ ತೊಳೆಸಿ ಜನವರಿ ಒಂದರೊಳಗೆ ಬೀಗದ ಕೈ ಒಪ್ಪಿಸಿ, ತಿಂಗಳೊಳಗೆ ಲೆಕ್ಕಪತ್ರ ಮಂಡಿಸಿ. ಬಾಕಿ ಉಳಿದಿದ್ದರೆ ಮೊದಲು ತೀರಿಸಬೇಕಾದದ್ದು ತೀರ್ಪುಗಾರರ ಭತ್ಯೆ, ಆಮೇಲೆ ಅಡುಗೆಯವರದು, ಪೆಂಡಾಲಿನವರದು ಕೊನೆಗೆ.